ಹಳೆಯ ಹಾಡುಪೆಟ್ಟಿಗೆಗೆ ಹೊಸ ಮುಳ್ಳು

ಬೆಳಗಾವಿಯ ಕ್ಯಾಂಪು, ಟಿಳಕವಾಡಿಗಳಲ್ಲಾಗಲಿ, ಖಾನಾಪುರ, ಲೋಂಡಾಗಳ ಕಡೆಯಲ್ಲಾಗಲಿ, ನಮ್ಮ ಕಥೋಲಿಕ ಕುಟುಂಬಗಳ ಅಟ್ಟಗಳನ್ನು ಶೋಧಿಸಿದರೆ ಮೂಕವಾಗಿ ಕುಳಿತ ಸಂಗೀತಯಂತ್ರವೊಂದು ಇಂದಿಗೂ ದೊರೆಯಬಹುದು. ಅದು ಅಜ್ಜನ ಕಾಲದ ಕೀಲಿ ಕೊಡುವ ಗ್ರಾಮಫೋನು ಇರಬಹುದು. ತಂದೆಯವರು ಎಪ್ಪತ್ತರ ದಶಕದಲ್ಲಿ ಕೊಂಡ ಎಚ್.ಎಂ.ವಿ. ಫಿಯೆಸ್ಟಾ ಇರಬಹುದು; ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ಚಿಕ್ಕಪ್ಪನವರು ರಜೆಗೆ ಬರುವಾಗ ಹೊತ್ತು ತಂದ ಅಕಾಯ್ ಅಥವಾ ಸಾನ್ಸುಯಿ ಇರಬಹುದು. ಆಲ್ಫ್ರೆಡ್ ರೋಸ್ ಹಾಗೂ ಲೋರ್ನಾ ಅವರ ಕೊಂಕಣಿ ಹಾಡುಗಳು ಮನೆತುಂಬ ಮೊಳಗಿದ್ದು ಇಂಥ ಪೆಟ್ಟಿಗೆಗಳಿಂದಲೇ.

ಈ ಯಂತ್ರವನ್ನು ದುರುಸ್ತಿಗೆ ಒಯ್ದವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: “ಇದರ ಸಾಮಾನು ಈಗ ಸಿಗೂದಿಲ್ರಿ.” ಆ ಮಾತನ್ನು ಕೇಳಿ ಮನೆಗೆ ಮರಳಿದವರು ಮುಂದಿನ ಹಬ್ಬದ ಸುಣ್ಣಬಣ್ಣದ ಸಮಯದಲ್ಲಿ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟುಬಿಡುತ್ತಾರೆ. ಆದರೆ ಆ ಉತ್ತರವು ಅರ್ಧಸತ್ಯ ಮಾತ್ರವೆಂದು ನಾವು ಹೇಳಬಯಸುತ್ತೇವೆ. ಕಂಪನಿಯ ಮುದ್ರೆಯುಳ್ಳ ಬಿಡಿಭಾಗ ಸಿಗದಿರಬಹುದು. ಅದರ ಕೆಲಸವನ್ನು ಮಾಡುವ ಭಾಗ ಅನೇಕ ವೇಳೆ ನಮ್ಮ ಊರಿನಲ್ಲಿಯೇ ಇದೆ, ಅಥವಾ ನಮ್ಮ ಊರಿನಲ್ಲಿಯೇ ತಯಾರಾಗಬಲ್ಲದು.

ಬಿಡಿಭಾಗಗಳು ಏಕೆ ಮಾಯವಾದವು? ನಮ್ಮ ದೇಶದಲ್ಲಿ ಗ್ರಾಮಫೋನು ಕಂಪನಿಯ ಧ್ವನಿಮುದ್ರಣ ಕಲಕತ್ತೆಯಲ್ಲಿ 1902ರಲ್ಲಿ ಆರಂಭವಾಯಿತು. ತಟ್ಟೆಗಳನ್ನು ಒತ್ತುವ ಕಾರ್ಖಾನೆ 1908ರಲ್ಲಿ ಅಲ್ಲಿಯೇ ಸ್ಥಾಪನೆಯಾಯಿತು. 1948ರಲ್ಲಿ ಅಮೆರಿಕದಲ್ಲಿ ಎಲ್.ಪಿ. ತಟ್ಟೆ ಬಂದಿತು, 1963ರಲ್ಲಿ ಫಿಲಿಪ್ಸ್ ಕಂಪನಿಯು ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿತು, ತರುವಾಯ ಸಿ.ಡಿ. ಬಂದಿತು. ಒಂದೊಂದು ಹೊಸತು ಬಂದಾಗಲೂ ಹಿಂದಿನದರ ಬಿಡಿಭಾಗ ಮಾಡುವ ಕಾರ್ಖಾನೆಗಳು ಕ್ರಮೇಣ ಬಾಗಿಲು ಮುಚ್ಚಿದವು. ಯಂತ್ರಗಳು ಮಾತ್ರ ಗಟ್ಟಿಮುಟ್ಟಾಗಿದ್ದುದರಿಂದ ಮನೆಗಳಲ್ಲಿ ಉಳಿದುಕೊಂಡವು.

ಹುಡುಕುವ ಮೊದಲು ಏನನ್ನು ಹುಡುಕುತ್ತಿದ್ದೇವೆ ಎಂಬುದು ತಿಳಿದಿರಬೇಕು. ಯಂತ್ರದ ಬೆನ್ನಿನ ಮೇಲಿರುವ ಮಾದರಿ ಸಂಖ್ಯೆ, ಮುಳ್ಳು ಕುಳಿತಿರುವ ಕಾರ್ಟ್ರಿಜ್ಜಿನ ಮೇಲಿನ ಸಂಖ್ಯೆ, ವಾಲ್ವ್ ಅಥವಾ ಟ್ರಾನ್ಸಿಸ್ಟರಿನ ಮೇಲಿನ ಅಕ್ಷರಗಳು ಇವೆಲ್ಲವನ್ನೂ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು. ಪೆಟ್ಟಿಗೆಯನ್ನು ಬಿಚ್ಚುವ ಮುನ್ನ ಛಾಯಾಚಿತ್ರ ತೆಗೆದಿಟ್ಟರೆ ಮತ್ತೆ ಜೋಡಿಸುವಾಗ ಪೇಚಾಟವಿಲ್ಲ. “ಹಳೇ ಟೇಪಿನ ಬೆಲ್ಟು ಕೊಡ್ರಿ” ಎಂದು ಕೇಳಿದವರಿಗೆ ಇಲ್ಲವೆಂಬ ಉತ್ತರ ಬಂದರೆ ಅದು ಅಂಗಡಿಯವರ ತಪ್ಪಲ್ಲ.

ಇನ್ನು ಊರಿನಲ್ಲಿಯೇ ಆಗಬಲ್ಲ ಕೆಲಸಗಳನ್ನು ನೋಡೋಣ. ಬೆಳಗಾವಿಯು ಎರಕದ ಕಾರ್ಖಾನೆಗಳಿಗೂ ಲೇಥ್ ಘಟಕಗಳಿಗೂ ಹೈಡ್ರಾಲಿಕ್ ಉಪಕರಣಗಳಿಗೂ ಹೆಸರಾದ ನಗರ. ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಲೋಹವನ್ನು ಕಡೆಯಬಲ್ಲ ಕೈಗಳು ಉದ್ಯಮಬಾಗಿನಲ್ಲಿವೆ. ರೆಕಾರ್ಡ್ ಪ್ಲೇಯರಿನ ಸವೆದ ಬುಶ್ಶನ್ನು ಹಿತ್ತಾಳೆಯಲ್ಲಿ ಹೊಸದಾಗಿ ಮಾಡಿಸಬಹುದು. ಮೋಟಾರಿನ ತಿರುಗುವಿಕೆಯನ್ನು ತಟ್ಟೆಗೆ ಮುಟ್ಟಿಸುವ ರಬ್ಬರಿನ ಅಂಚುಳ್ಳ ಚಕ್ರ ಗಟ್ಟಿಯಾಗಿ ಜಾರುತ್ತಿದ್ದರೆ, ಹೊಸ ರಬ್ಬರು ಕೂರಿಸಿ ದುಂಡಗೆ ಉಜ್ಜಿಸಬಹುದು. ಹೈಡ್ರಾಲಿಕ್ ಯಂತ್ರಗಳಿಗೆ ಬಳಸುವ ರಬ್ಬರಿನ ಓ-ರಿಂಗುಗಳು ಟೇಪ್‌ರೆಕಾರ್ಡರಿನ ಎಣಿಕೆಯಂತ್ರದಂಥ ಚಿಕ್ಕ ಬೆಲ್ಟುಗಳ ಸ್ಥಾನದಲ್ಲಿ ಸಾಗುತ್ತವೆ. ಆದರೆ ಟೇಪಿನ ವೇಗವನ್ನು ನಿರ್ಣಯಿಸುವ ಮುಖ್ಯ ಚಪ್ಪಟೆ ಬೆಲ್ಟಿಗೆ ಸರಿಯಾದುದನ್ನೇ ತರಿಸಬೇಕು. ಇಲ್ಲವಾದರೆ ಹಾಡು ನಡುಗುತ್ತದೆ. ಹಳೆಯ ಬೆಲ್ಟು ಹಿಗ್ಗಿರುವುದರಿಂದ ಅದನ್ನೇ ಅಳತೆಗೆ ಹಿಡಿಯಬಾರದು. ಬೆಲ್ಟು ಸುತ್ತುವ ದಾರಿಯನ್ನು ನೂಲಿನಿಂದ ಅಳೆದು, ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದನ್ನು ಕೊಳ್ಳುವುದು ವಾಡಿಕೆ. ಸುಟ್ಟುಹೋದ ಟ್ರಾನ್ಸ್‌ಫಾರ್ಮರನ್ನು ಮೋಟಾರು ಸುತ್ತುವ ಕಸುಬಿನವರು ಮತ್ತೆ ಸುತ್ತಿಕೊಡಬಲ್ಲರು. ಹಳೆಯ ಸುರುಳಿಯನ್ನು ಎಸೆಯದೆ ಒಯ್ದರೆ ಸುತ್ತುಗಳ ಲೆಕ್ಕವೂ ತಂತಿಯ ದಪ್ಪವೂ ಅವರಿಗೆ ದೊರೆಯುತ್ತವೆ.

ಕೊಲ್ಲಿಯಿಂದ ಬಂದ ಯಂತ್ರಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸೌದಿ ಅರೇಬಿಯದ ವಿದ್ಯುತ್ತು 60 ಆವರ್ತದ್ದು, ನಮ್ಮದು 50 ಆವರ್ತದ್ದು. ಅಲ್ಲಿಗಾಗಿ ಮಾಡಿದ ಕೆಲವು ರೆಕಾರ್ಡ್ ಪ್ಲೇಯರುಗಳು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತವೆ. ಲೋರ್ನಾರವರ ಕಂಠವೂ ಗಂಡಸಿನದರಂತೆ ಕೇಳಿಸುತ್ತದೆ. ಯಂತ್ರ ಕೆಟ್ಟಿದೆಯೆಂದು ಅದನ್ನು ಅಟ್ಟಕ್ಕೆ ಏರಿಸಿದವರಿದ್ದಾರೆ. ಮೋಟಾರಿನ ತುದಿಯ ಪುಟ್ಟ ಗಾಲಿಯನ್ನು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿನ ವ್ಯಾಸಕ್ಕೆ ಕಡೆಸಿ ಹಾಕಿದರೆ ಈ ದೋಷ ನೀಗುತ್ತದೆ. ಹಿಂಬದಿಯ ವೋಲ್ಟೇಜ್ ಸ್ವಿಚ್ಚು 110ರಲ್ಲಿದೆಯೋ 220ರಲ್ಲಿದೆಯೋ ಎಂಬುದನ್ನೂ ಪ್ಲಗ್ಗು ಚುಚ್ಚುವ ಮೊದಲೇ ನೋಡಬೇಕು.

ಎರಡನೆಯದು ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿಯೂ ಸಿಗುವ ಸಾಮಾನು. ಹಳೆಯ ಆಂಪ್ಲಿಫೈಯರು ಗುಂಯ್‌ಗುಡುತ್ತಿದ್ದರೆ ಬಹುಮಟ್ಟಿಗೆ ಅದರ ಕಂಡೆನ್ಸರುಗಳು ಒಣಗಿವೆಯೆಂದೇ ತಿಳಿಯಬೇಕು. ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ ಹೊಸ ಕಂಡೆನ್ಸರನ್ನು, ಧನ ಋಣ ತಪ್ಪದಂತೆ ಕೂರಿಸಿದರಾಯಿತು. ವರ್ಷಗಟ್ಟಲೆ ನಿಂತಿದ್ದ ಯಂತ್ರವನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸುವುದು ಅಪಾಯ. ಬಲ್ಲ ಕಸುಬುದಾರರು ಮೊದಲು 60 ಅಥವಾ 100 ವ್ಯಾಟಿನ ತಂತಿಬಲ್ಬೊಂದನ್ನು ದಾರಿಯಲ್ಲಿ ಜೋಡಿಸಿ ಪರೀಕ್ಷಿಸುತ್ತಾರೆ. ಒಳಗೆ ಎಲ್ಲಿಯಾದರೂ ಶಾರ್ಟು ಇದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ವಾಲ್ವುಗಳಿರುವ ಯಂತ್ರದೊಳಗೆ ಸುಮಾರು 300 ವೋಲ್ಟಿನವರೆಗೂ ಇರುತ್ತದೆ. ಪ್ಲಗ್ಗು ತೆಗೆದ ನಂತರವೂ ಕೆಲಕಾಲ ಉಳಿದಿರಬಹುದು. ಆದ್ದರಿಂದ ಈ ಕೆಲಸ ಮಕ್ಕಳದಲ್ಲ, ಕೇವಲ ಉತ್ಸಾಹಿಗಳದೂ ಅಲ್ಲ.

ಮೂರನೆಯದು ಹೊರಗಿನಿಂದಲೇ ತರಿಸಬೇಕಾದ ಭಾಗಗಳು: ಮುಳ್ಳು, ಕಾರ್ಟ್ರಿಜ್ಜು, ಟೇಪಿನ ಹೆಡ್ಡು, ವಾಲ್ವು. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಹಳೆಯ ಸಾಮಾನುಗಳಿಗಾಗಿ ಅಲ್ಲಿಯದೇ ಚೋರ್ ಬಜಾರ್ ಇವು ಬಲ್ಲವರ ಯಾತ್ರಾಸ್ಥಳಗಳು. ವಾಲ್ವುಗಳ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಆ ತಯಾರಿಕೆ ನಿಂತು ಬಹುಕಾಲವಾಗಿದ್ದರೂ, ಬಳಸದೆ ಉಳಿದ ಬಿ.ಇ.ಎಲ್. ವಾಲ್ವುಗಳನ್ನು ಹವ್ಯಾಸಿಗಳು ಇಂದಿಗೂ ಅರಸುತ್ತಾರೆ. ಇಎಲ್ 84, ಇಸಿಸಿ 83 ಮುಂತಾದ ಬೇಡಿಕೆಯ ವಾಲ್ವುಗಳು ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳಲ್ಲಿ ಹೊಸದಾಗಿಯೂ ತಯಾರಾಗುತ್ತಿವೆ. ಹಳೆಯ ಜಪಾನೀ ಟ್ರಾನ್ಸಿಸ್ಟರುಗಳಲ್ಲಿ ಮಾತ್ರ ನಕಲಿ ಮಾಲು ಬಹಳ. ತೀರ ಅಗ್ಗವಾಗಿ ಕೊಡುವವರ ಬಗ್ಗೆ ಎಚ್ಚರವಿರಲಿ.

ಮುಳ್ಳಿನ ವಿಷಯದಲ್ಲಿ ಜಿಪುಣತನ ಸಲ್ಲದು. 78 ಸುತ್ತಿನ ಹಳೆಯ ತಟ್ಟೆಗೆ ಬೇಕಾದ ಮುಳ್ಳಿನ ತುದಿ ಸುಮಾರು 65ರಿಂದ 75 ಮೈಕ್ರಾನ್, ಎಲ್.ಪಿ.ಗೆ 18ರಿಂದ 25 ಮೈಕ್ರಾನ್ ಮಾತ್ರ. ಒಂದರ ಮುಳ್ಳನ್ನು ಇನ್ನೊಂದಕ್ಕೆ ಬಳಸಿದರೆ ತಟ್ಟೆಯೂ ಹಾಳು, ಮುಳ್ಳೂ ಹಾಳು. ಕೀಲಿಯ ಗ್ರಾಮಫೋನಿನ ಉಕ್ಕಿನ ಮುಳ್ಳನ್ನಂತೂ ಒಂದು ಬದಿಗೆ ಒಂದರಂತೆ ಬದಲಿಸಬೇಕು. ಹಳೆಯ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದೂ ಒರೆಸಬಾರದು. ಅದು ಅರಗಿನಿಂದ ಮಾಡಿದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಖಾನಾಪುರದ ಮಳೆಗಾಲದಲ್ಲಿ ತಟ್ಟೆಗಳ ಮೇಲೂ ಟೇಪುಗಳ ಮೇಲೂ ಬೂಷ್ಟು ಹಿಡಿಯುವುದು ಸಹಜ. ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿ, ತಟ್ಟೆಗಳನ್ನು ನೇರವಾಗಿ ನಿಲ್ಲಿಸಿ ಇಡುವುದೇ ಇದಕ್ಕೆ ಸುಲಭವಾದ ಉಪಾಯ.

ಇಷ್ಟೆಲ್ಲ ಶ್ರಮ ಏತಕ್ಕೆ, ಹಾಡುಗಳೆಲ್ಲ ಈಗ ಮೊಬೈಲಿನಲ್ಲಿಯೇ ಸಿಗುತ್ತವಲ್ಲ ಎಂದು ವಾಚಕರು ಕೇಳಬಹುದು. ಮಾರುಕಟ್ಟೆಗೆ ಬಂದ ಹಾಡುಗಳು ಬಹುಮಟ್ಟಿಗೆ ಸಿಗುತ್ತವೆ, ನಿಜ. ಆದರೆ ಮಗಳ ರೋಸ್ ಸಮಾರಂಭದಲ್ಲಿ ಅಜ್ಜಿ ಹಾಡಿದ ಸೋಬಾನೆ, ಧರ್ಮಕೇಂದ್ರದ ಹಬ್ಬದಂದು ಗಾಯನ ಮಂಡಳಿ ಹಾಡಿದ ಗೀತೆ, ಪತ್ರ ಬರೆಯಲು ಬೇಸರಪಟ್ಟು ಕೊಲ್ಲಿಯಿಂದ ತಂದೆಯವರು ಮಾತಾಡಿ ಕಳುಹಿಸಿದ ಕ್ಯಾಸೆಟ್ಟು, ಇವು ಲೋಕದಲ್ಲಿ ಒಂದೊಂದೇ ಪ್ರತಿ ಇರುವಂಥವು. ಮನೆಯ ಯಂತ್ರ ಗುಜರಿಗೆ ಹೋದ ಮೇಲೆ ಆ ಕ್ಯಾಸೆಟ್ಟು ಬರಿಯ ಪ್ಲಾಸ್ಟಿಕ್ ಡಬ್ಬಿಯಾಗಿ ಉಳಿಯುತ್ತದೆ.

ಇಂಥ ಕ್ಯಾಸೆಟ್ಟು ಇರುವವರಿಗೆ ನಮ್ಮ ವಿನಂತಿ ಇಷ್ಟು. ಅದನ್ನು ಅವಸರದಿಂದ ಹಳೆಯ ಯಂತ್ರಕ್ಕೆ ಹಾಕಬೇಡಿರಿ. ಗಟ್ಟಿಯಾದ ರಬ್ಬರಿನ ಉರುಳೆ ಟೇಪನ್ನು ನುಂಗಿಬಿಡಬಹುದು. ಮೊದಲು ಉರುಳೆಯನ್ನೂ ಬೆಲ್ಟನ್ನೂ ಬದಲಿಸಿ, ಹೆಡ್ಡನ್ನು ಶುಚಿಗೊಳಿಸಿ, ಬೇಡವಾದ ಕ್ಯಾಸೆಟ್ಟೊಂದನ್ನು ಹಾಕಿ ನೋಡಿರಿ. ಒಳಗಿನ ಒತ್ತುಮೆತ್ತೆ ಉದುರಿದ್ದರೆ, ಟೇಪನ್ನು ಸ್ಕ್ರೂಗಳುಳ್ಳ ಬೇರೆ ಡಬ್ಬಿಗೆ ವರ್ಗಾಯಿಸಲು ಬಲ್ಲವರಿಗೆ ಕೊಡಿರಿ. ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳಿರಿ. ಎರಡನೆಯ ಅವಕಾಶ ದೊರೆಯದಿರಬಹುದು.

ಕಡೆಯದಾಗಿ ದುರುಸ್ತಿಗಾರರ ಮಾತು. ಈ ವಿದ್ಯೆ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹತ್ತು ರೂಪಾಯಿಯ ಕಂಡೆನ್ಸರು ಹಾಕಿದ್ದಕ್ಕೆ ಐನೂರು ಕೇಳಿದರೆಂದು ಗೊಣಗುವ ಮುನ್ನ, ಆ ಕಂಡೆನ್ಸರು ಯಾವುದೆಂದು ಗುರುತಿಸಲು ಅವರಿಗೆ ನಲವತ್ತು ವರ್ಷ ಹಿಡಿದಿದೆಯೆಂಬುದನ್ನು ನೆನೆಯಬೇಕು. ನಮ್ಮ ಐ.ಟಿ.ಐ. ಕಲಿತ ತರುಣರು ಅಂಥವರ ಬಳಿ ವಾರಕ್ಕೊಂದು ಸಂಜೆ ಕುಳಿತು ಕಲಿತರೆ ಕಸುಬೂ ಉಳಿದೀತು, ನಾಲ್ಕು ಕಾಸೂ ಬಂದೀತು. ತೀರ ಕೆಟ್ಟ ಯಂತ್ರವನ್ನೂ ಗುಜರಿಗೆ ಹಾಕದೆ ದುರುಸ್ತಿಗಾರರಿಗೆ ಒಪ್ಪಿಸಿದರೆ, ಅದರ ಗಾಲಿಯೋ ಗುಬುಟೋ ಮತ್ತೊಬ್ಬರ ಮನೆಯ ಪೆಟ್ಟಿಗೆಗೆ ಜೀವ ಕೊಟ್ಟೀತು. ಒಂದೇ ಮಾದರಿಯ ಎರಡು ಮೂಕ ಯಂತ್ರಗಳಿಂದ ಒಂದು ಹಾಡುವ ಯಂತ್ರ ಹುಟ್ಟುವುದು ಈ ಕಸುಬಿನಲ್ಲಿ ದಿನದ ಮಾತು. ನೆರೆಯ ಮನೆಯ ಅಟ್ಟದಲ್ಲಿ ಏನಿದೆಯೆಂದು ಈ ಭಾನುವಾರ ಪೂಜೆ ಮುಗಿದ ಮೇಲೆ ಒಮ್ಮೆ ವಿಚಾರಿಸಿ ನೋಡಿರಿ.