ಎರಡು ನಕ್ಷತ್ರ, ಒಂದು ಪಟ್ಟಿ

ಡಿಸಿ ಕಚೇರಿಯ ಬಾಗಿಲಲ್ಲಿ ಬಿಳಿ ಉಡುಪು, ಪೇಟ, ಎದೆಗೆ ಅಡ್ಡಪಟ್ಟಿ ತೊಟ್ಟು ನಿಂತವರನ್ನು ನಾವು ದಫೇದಾರ್ ಎನ್ನುತ್ತೇವೆ. ಕುದುರೆ ಪಡೆಯಲ್ಲಿ ಅದು ಹವಾಲ್ದಾರನಿಗೆ ಸಮನಾದ ಹುದ್ದೆ. ಉತ್ತರ ಕರ್ನಾಟಕದ ಯಾವುದಾದರೂ ಮತದಾರರ ಪಟ್ಟಿ ತೆಗೆಯಿರಿ: ಜಮಾದಾರ, ಸುಬೇದಾರ, ಹವಾಲ್ದಾರ, ನಾಯಕ ಎಂದು ಒಂದು ಪಲ್ಟಣಕ್ಕೆ ಸಾಲುವಷ್ಟು ಅಡ್ಡಹೆಸರು ಸಿಗುತ್ತವೆ. ಇವುಗಳಲ್ಲಿ ಕೆಲವು ತುಂಬ ಎತ್ತರದಿಂದ ಇಳಿದು ಬಂದವು. ಚಿತ್ರದುರ್ಗದಲ್ಲಿ ನಾಯಕ ಎಂದರೆ ಕೋಟೆಯ ಒಡೆಯ. ಫೌಜಿನಲ್ಲಿ ನಾಯಕ್ ಎಂದರೆ ತೋಳಿನ ಮೇಲೆ ಎರಡು ಪಟ್ಟಿ ಇರುವವನು. ಮೊಗಲರ ಸುಬೇದಾರ ಒಂದು ಸುಬಾವನ್ನೇ ಆಳುತ್ತಿದ್ದ. ನಮ್ಮ ಶಿರಾ ಅಂಥ ಸುಬಾದ ರಾಜಧಾನಿಯಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ದಂಡಿನಲ್ಲಿ ಅದೇ ಸುಬೇದಾರ ಸಿಪಾಯಿಗಳ ಒಂದು ಕಂಪನಿಗೆ ಮುಖಂಡನಾದ, ಅಷ್ಟೆ.

ಆ ಹುದ್ದೆ ಹುಟ್ಟಿದ್ದು ಅಗತ್ಯದಿಂದ. 1746ರಲ್ಲಿ ಫ್ರೆಂಚರು ಮದರಾಸನ್ನೇ ಕಿತ್ತುಕೊಂಡಾಗ ಇಂಗ್ಲಿಷರಿಗೆ ಕಣ್ಣು ತೆರೆಯಿತು. 1748ರಲ್ಲಿ ಬಂದಿಳಿದ ಇಂಗ್ಲಿಷ್ ಸೇನಾಧಿಕಾರಿ ಸ್ಟ್ರಿಂಜರ್ ಲಾರೆನ್ಸ್ ದೇಶೀ ಸಿಪಾಯಿಗಳನ್ನು ಶಿಸ್ತಿಗೆ ತರಲು ಹೊರಟ. ಆದರೆ ಸಿಪಾಯಿಯ ಭಾಷೆ, ಜಾತಿ, ಹಬ್ಬ, ಜಗಳ ಯಾವುದೂ ಅವನಿಗೆ ತಿಳಿಯದು. ನಡುವೆ ಒಬ್ಬ ಬೇಕಿತ್ತು. ಆ ನಡುವಿನವನಿಗೆ ಮೊದಮೊದಲು ನಿಜವಾದ ಅಧಿಕಾರವೇ ಇತ್ತು. ಯೂಸುಫ್ ಖಾನ್ ಎಂಬಾತ ಕಂಪನಿಯ ಮದರಾಸಿನ ಸಿಪಾಯಿಗಳಿಗೆಲ್ಲ ಕಮಾಂಡೆಂಟ್ ಆಗಿ, ಮಧುರೆಯನ್ನೂ ಆಳಿದ. ಕೊನೆಗೆ ಕಂಪನಿಗೇ ತಿರುಗಿಬಿದ್ದ. 1764ರಲ್ಲಿ ಅವನನ್ನು ಮಧುರೆಯಲ್ಲಿ ನೇಣಿಗೆ ಹಾಕಿದರು. ಅಂಥ ಇನ್ನೊಬ್ಬನನ್ನು ಕಂಪನಿ ಬೆಳೆಯಗೊಡಲಿಲ್ಲ. 1796ರ ಪುನರ್ರಚನೆಯಲ್ಲಿ ಪ್ರತಿ ಪಲ್ಟಣಕ್ಕೂ ಬಿಳಿಯ ಅಧಿಕಾರಿಗಳು ಹಿಂಡಾಗಿ ಬಂದರು. ಮೀಸೆ ನರೆತ ಸುಬೇದಾರನೂ ನಿನ್ನೆ ಹಡಗಿಳಿದ ಹುಡುಗನ ಕೈಕೆಳಗಾದ.

ಹತ್ತೇ ವರ್ಷದಲ್ಲಿ ಇದರ ಬೆಲೆ ಗೊತ್ತಾಯಿತು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೆಲ್ಲೂರಿನ ಕೋಟೆ, 1806. ಹೊಸ ನಮೂನೆಯ ಟೋಪಿ ಹಾಕಬೇಕು, ಹಣೆಯ ನಾಮ ವಿಭೂತಿ ಅಳಿಸಬೇಕು, ಗಡ್ಡ ತೆಗೆಯಬೇಕು ಎಂಬ ಹುಕುಮಿಗೆ ಸಿಪಾಯಿಗಳು ಒಳಗೊಳಗೇ ಕುದಿಯುತ್ತಿದ್ದರು. ಜೂನ್ ತಿಂಗಳಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ ತನ್ನ ಇಂಗ್ಲಿಷ್ ಅಧಿಕಾರಿಯ ಬಳಿ ಹೋಗಿ, ದಂಗೆ ಏಳಲಿದೆ ಎಂದು ಹೇಳಿಬಿಟ್ಟ. ಸಾಹೇಬನಿಗೆ ನಿಜ ಸುಳ್ಳು ತಿಳಿಯುವ ದಾರಿ ಒಂದೇ: ವಿಚಾರಣೆಯನ್ನು ದೇಶೀ ಅಧಿಕಾರಿಗಳಿಗೇ ಒಪ್ಪಿಸಿದ. ಅವರಲ್ಲೇ ಕೆಲವರು ಸಂಚಿನಲ್ಲಿದ್ದರು! ಮುಸ್ತಫಾನಿಗೆ ತಲೆ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಅವನನ್ನು ಕೂಡಿಹಾಕಿದರು. ಜುಲೈ 10ರ ಬೆಳಗಿನ ಜಾವ ಕೋಟೆ ಹೊತ್ತಿ ಉರಿಯಿತು. ಆಮೇಲೆ ಮುಸ್ತಫಾನಿಗೆ ಸಿಕ್ಕ ಇನಾಮು 2,000 ವರಹ, ಜೊತೆಗೆ ಸುಬೇದಾರನ ಪಿಂಚಣಿ. ಸುಬೇದಾರರು ಬಾಯಿ ಮುಚ್ಚಿಸಿದವನಿಗೆ ಸುಬೇದಾರನ ಮರ್ಯಾದೆ!

ನನ್ನ ಮಟ್ಟಿಗೆ ಆ ಹುದ್ದೆಯ ನಿಜವಾದ ಬಲ ಬಯಲಾದದ್ದು ಇಲ್ಲಿ. ಕಾಗದದ ಮೇಲೆ ಅಧಿಕಾರ ಕಿತ್ತುಕೊಂಡರೂ ಪಲ್ಟಣದ ಕಿವಿ ಸುಬೇದಾರನ ಬಳಿಯೇ ಇತ್ತು. ಕಂಪನಿ ಆಮೇಲೆ ಮಾಡಿದ್ದು ಜಾಣತನದ ಕೆಲಸ: ಅಧಿಕಾರ ಹಿಂದಿರುಗಿಸದೆ ಮಾನ ಹೆಚ್ಚಿಸಿತು. 1837ರಲ್ಲಿ ಹಳೆಯ ದೇಶೀ ಅಧಿಕಾರಿಗಳಿಗೆಂದೇ ‘ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ’ ಬಂತು. ಮೊದಲ ದರ್ಜೆಯವನು ಸರ್ದಾರ್ ಬಹಾದೂರ್, ದಿನಕ್ಕೆ 2 ರೂಪಾಯಿ ಭತ್ಯೆ. ಸಿಪಾಯಿಯ ತಿಂಗಳ ಸಂಬಳವೇ 7 ರೂಪಾಯಿ ಇದ್ದ ಕಾಲ ಅದು. ಹೊಣೆಯಂತೂ ಪೂರ್ತಿ ಅವರ ತಲೆಗೇ. 1857ರಲ್ಲಿ ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆಯನ್ನು ಹಿಡಿಯಲಿಲ್ಲ ಎಂಬ ತಪ್ಪಿಗೆ ಪಹರೆಯ ಜಮಾದಾರ ಈಶ್ವರಿ ಪ್ರಸಾದ್ ನೇಣಿಗೇರಿದ.

ಈ ನಡುವಿನ ಮೆಟ್ಟಿಲನ್ನು ತೆಗೆದೇ ಹಾಕುವ ಪ್ರಯೋಗವೂ ಒಮ್ಮೆ ನಡೆಯಿತು, ಅದೂ ಭಾರತೀಕರಣದ ಹೆಸರಲ್ಲಿ. 1923ರಲ್ಲಿ ಎಂಟು ಘಟಕಗಳನ್ನು ಗುರುತಿಸಿ, ರಾಜನ ಸನ್ನದು ಪಡೆದ ಭಾರತೀಯರನ್ನು ಅಲ್ಲಿಗೇ ಕಳಿಸತೊಡಗಿದರು. ಕೊಡಗಿನ ಕಾರ್ಯಪ್ಪ ಇದ್ದ ರಜಪೂತ ಬೆಟಾಲಿಯನ್, ತಿಮ್ಮಯ್ಯ ಸೇರಿದ ಹೈದರಾಬಾದ್ ಬೆಟಾಲಿಯನ್ ಎರಡೂ ಆ ಎಂಟರಲ್ಲಿದ್ದವು. 1932ರಲ್ಲಿ ಡೆಹ್ರಾಡೂನಿನ ಅಕಾಡೆಮಿ ತೆರೆದ ಮೇಲೆ, ಈ ಘಟಕಗಳಲ್ಲಿ ಜಮಾದಾರ ಸುಬೇದಾರರು ನಡೆಸುತ್ತಿದ್ದ ಪ್ಲಟೂನುಗಳನ್ನು ಅಲ್ಲಿಂದ ಬಂದ ಯುವಕರ ಕೈಗೆ ಕೊಡುವುದೆಂದಾಯಿತು. ಬ್ರಿಟನ್ನಿನ ಸೈನ್ಯದಲ್ಲೂ ಹೀಗೇ ಅಲ್ಲವೇ ಎಂದು ಸಮಜಾಯಿಷಿ. ಯುವಕರಿಗೆ ಬೇರೆಯೇ ಕಂಡಿತು: ಬಿಳಿಯ ಲೆಫ್ಟಿನೆಂಟ್ ಜಮಾದಾರರ ಮೇಲೆ ಅಧಿಕಾರ ನಡೆಸುತ್ತಾನೆ, ತಾವು ಜಮಾದಾರರ ಕೆಲಸ ಮಾಡಬೇಕು. ಸಿಪಾಯಿಗೆ ಇನ್ನೂ ದೊಡ್ಡ ಪೆಟ್ಟು. ಅವನ ಬದುಕಿನ ಕಟ್ಟಕಡೆಯ ಕನಸೇ ಸುಬೇದಾರಿಕೆ. ಎರಡನೇ ಮಹಾಯುದ್ಧ ಬಂದು ಸೇನೆ ಹಿಗ್ಗತೊಡಗಿದ್ದೇ ತಡ, ಪ್ರಯೋಗ ಬದಿಗೆ ಸರಿಯಿತು, ಹಳಬರು ಮರಳಿದರು.

ಸ್ವಾತಂತ್ರ್ಯ ಬಂದ ಮೇಲೆ ಜಮಾದಾರ ಸುಬೇದಾರರಿಗಿದ್ದ ‘ವೈಸರಾಯ್ ಸನ್ನದಿನ ಅಧಿಕಾರಿ’ ಎಂಬ ಹೆಸರು ಹೋಗಿ ಜೂನಿಯರ್ ಕಮಿಷನ್ಡ್ ಆಫೀಸರ್, ಅಂದರೆ ಜೆಸಿಓ ಎಂದಾಯಿತು. ಉತ್ತರದ ಊರುಗಳಲ್ಲಿ ಜಮಾದಾರ ಎಂದರೆ ಬೀದಿ ಗುಡಿಸುವವನು ಎಂಬ ಅರ್ಥ ಬೇರೂರಿತ್ತು. 1965ರಲ್ಲಿ ಸೇನೆ ಆ ಹೆಸರನ್ನು ಬಿಟ್ಟು ನಾಯಬ್ ಸುಬೇದಾರ್ ಎಂದಿತು. ಅಧಿಕಾರಿಗಳ ಮೆಸ್ಸು, ಜೆಸಿಓಗಳ ಮೆಸ್ಸು ಇಂದಿಗೂ ಬೇರೆ ಬೇರೆ. ಜೆಸಿಓಗಳಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳು ಜನವರಿ 26, ಆಗಸ್ಟ್ 15ರಂದು ಬರುತ್ತವೆ, ಹೆಚ್ಚಾಗಿ ನಿವೃತ್ತಿಯ ಹೊಸ್ತಿಲಲ್ಲಿ.

ಅರಸೀಕೆರೆ ಸ್ಟೇಷನ್ನಿನಲ್ಲಿ ಒಮ್ಮೆ ಸೈನಿಕರ ಒಂದು ತಂಡ ರೈಲಿಗೆ ಕಾಯುತ್ತಿತ್ತು. ಮೀಸೆ ಆಗಷ್ಟೇ ಚಿಗುರಿದ್ದ ಲೆಫ್ಟಿನೆಂಟ್, ಪಕ್ಕದಲ್ಲಿ ಅವನ ಅಪ್ಪನ ವಯಸ್ಸಿನ ಸುಬೇದಾರ್. ಇಬ್ಬರ ಹೆಗಲ ಮೇಲೂ ಎರಡೆರಡು ನಕ್ಷತ್ರ. ಹಿರಿಯರದಕ್ಕೆ ಮಾತ್ರ ಬುಡದಲ್ಲಿ ಒಂದು ಬಣ್ಣದ ಪಟ್ಟಿ. “ಸಾಬ್, ಸಬ್ ಆ ಗಯೇ?” ಎಂದ ಹುಡುಗ. “ಆ ಗಯೇ ಸಾಬ್,” ಎಂದರು ಸುಬೇದಾರರು. ಹಾಗೆಂದವರು ಮತ್ತೆ ಸಾಲಿನುದ್ದಕ್ಕೂ ನಡೆದು, ಬೆರಳು ಮಡಿಸುತ್ತ ತಲೆ ಎಣಿಸಿದರು.