ಆರರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ವಿಜ್ಞಾನ: ಅಂಗಡಿ, ಅಡಿಗೆಮನೆಯೇ ಪ್ರಯೋಗಶಾಲೆ

ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳಿಗೆ ಲೆಕ್ಕವನ್ನು ಯಾರೂ ಕೂಡಿಸಿಕೊಂಡು ಕಲಿಸುವುದಿಲ್ಲ. ಗಲ್ಲೆಯ ಹತ್ತಿರ ಕುಳಿತು, ಚಿಲ್ಲರೆ ಎಣಿಸಿ, ಅದು ತಾನಾಗಿಯೇ ಬರುತ್ತದೆ. ಆದರೆ ಅದೇ ಮಕ್ಕಳು ವಿಜ್ಞಾನದ ಪುಸ್ತಕ ತೆರೆದರೆ ಗಿಳಿಪಾಠ ಒಪ್ಪಿಸತೊಡಗುತ್ತಾರೆ. 'ಸಾಂದ್ರತೆ ಎಂದರೇನು?' ಎಂದು ಕೇಳಿದರೆ ವ್ಯಾಖ್ಯೆ ತಡವಿಲ್ಲದೆ ಬರುತ್ತದೆ. 'ಎಣ್ಣೆ ನೀರಿನ ಮೇಲೆ ಏಕೆ ತೇಲುತ್ತದೆ?' ಎಂದು ಕೇಳಿದರೆ ಮುಖ ನೋಡುತ್ತಾರೆ. ಎರಡೂ ಒಂದೇ ಪ್ರಶ್ನೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ ಆಗುವ ಈ ತೊಂದರೆ ಮುಂದೆ ದೊಡ್ಡದಾಗುತ್ತದೆ. ಹತ್ತನೆಯ ಇಯತ್ತೆ ಮುಗಿಯುವ ಹೊತ್ತಿಗೆ 'ಸೈನ್ಸ್ ನಮಗಲ್ಲ, ಕಾಮರ್ಸ್ ಸಾಕು' ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಇಷ್ಟಪಟ್ಟು ಕಾಮರ್ಸಿಗೆ ಹೋದರೆ ಸಂತೋಷ. ವಿಜ್ಞಾನಕ್ಕೆ ಹೆದರಿ ಹೋದರೆ ಅದು ನಷ್ಟದ ವ್ಯಾಪಾರ. ಈ ಹೆದರಿಕೆಯನ್ನು ಹಿರಿಯರಾದ ನಾವು ಮನೆಯಲ್ಲಿಯೇ ಕಳೆಯಬಹುದು. ಅದಕ್ಕೆ ನಾವು ಪದವೀಧರರಾಗಬೇಕಿಲ್ಲ. ಈ ಲೇಖಕನ ಓದು ಮ್ಯಾಟ್ರಿಕ್ ವರೆಗೆ ಮಾತ್ರ.

ಹೋಶಂಗಾಬಾದಿನ ದಾರಿ

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಗೆ ಇಂದು ನರ್ಮದಾಪುರಂ ಎಂಬ ಹೆಸರಿದೆ. 1972ರಲ್ಲಿ ಅಲ್ಲಿನ 16 ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗಾಗಿ ಒಂದು ಹೊಸ ಕೆಲಸ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರಕಾರದ ಒಪ್ಪಿಗೆ ಪಡೆದು ಇದನ್ನು ಕೈಗೊಂಡವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ದಿಲ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಯ ಮಾಸ್ತರರೊಂದಿಗೆ ಕುಳಿತು ಪಾಠಗಳನ್ನು ರೂಪಿಸಿದರು.

ಅವರ ಪದ್ಧತಿ ಸರಳವಾಗಿತ್ತು. ಪುಸ್ತಕದಲ್ಲಿ ಉತ್ತರ ಬರೆದಿರುತ್ತಿರಲಿಲ್ಲ, ಮಾಡಬೇಕಾದ ಪ್ರಯೋಗ ಮತ್ತು ಕೇಳಿಕೊಳ್ಳಬೇಕಾದ ಪ್ರಶ್ನೆ ಇರುತ್ತಿದ್ದವು. ಮಕ್ಕಳು ಗುಂಪು ಮಾಡಿಕೊಂಡು ಪ್ರಯೋಗ ಮಾಡಿ, ಕಂಡದ್ದನ್ನು ತಾವೇ ಬರೆದಿಡಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಲು ಅನುಮತಿ ಇತ್ತು. ಏಕೆಂದರೆ ಕೇಳುತ್ತಿದ್ದುದು ಬಾಯಿಪಾಠವನ್ನಲ್ಲ. 'ಸವಾಲೀರಾಮ' ಎಂಬ ಕಾಲ್ಪನಿಕ ಹೆಸರಿಗೆ ಮಕ್ಕಳು ತಮ್ಮ ಸಂಶಯಗಳನ್ನು ಪತ್ರದಲ್ಲಿ ಬರೆದು ಕಳಿಸುತ್ತಿದ್ದರು, ಅವಕ್ಕೆ ಉತ್ತರ ಬರುತ್ತಿತ್ತು.

1978ರಲ್ಲಿ ಇದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಮುಂದೆ ಇದರ ಹೊಣೆ ಹೊತ್ತಿತು. 2002ರಲ್ಲಿ ರಾಜ್ಯ ಸರಕಾರ ಈ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ಸರಕಾರಿ ಶಾಲೆಗಳಲ್ಲಿ ನಡೆದ ಈ ಪದ್ಧತಿ ನಮ್ಮ ಮನೆಗಳಿಗೂ ಒಗ್ಗುವಂಥದು. ಕಾನಪುರ ಐ.ಐ.ಟಿ.ಯ ಇಂಜಿನಿಯರ್ ಅರವಿಂದ ಗುಪ್ತಾ ಅವರು 1978ರಲ್ಲಿ ಇಲ್ಲಿಗೇ ಬಂದು, ಸೈಕಲ್ ವಾಲ್‌ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿಗಳನ್ನು ಮಾಡುವುದನ್ನು ಕಂಡುಹಿಡಿದರು. ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಅಲುಗುವುದಿಲ್ಲ. ಛಾವಣಿಯ ಕೈಂಚಿಗೆ ತ್ರಿಕೋನವೇ ಏಕೆ ಎಂಬುದು ಮಗುವಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು.

ತಕ್ಕಡಿಯ ಪಾಠ

ಈಗ ಎಲ್ಲ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಆದರೂ ಹಳೆಯ ದಂಡಿ ತಕ್ಕಡಿ ಎಷ್ಟೋ ಮನೆಗಳ ಅಟ್ಟದ ಮೇಲೆ ಇದ್ದೇ ಇದೆ. ಅದನ್ನು ಇಳಿಸಿರಿ. ಒಂದು ತಟ್ಟೆಯಲ್ಲಿ ಒಂದು ಕಿಲೋ ಕಲ್ಲು, ಇನ್ನೊಂದರಲ್ಲಿ ಸಕ್ಕರೆ ಹಾಕಿ ಸರಿದೂಗಿಸಿರಿ. ನಂತರ ಕಲ್ಲು, ಸಕ್ಕರೆಗಳ ಜಾಗ ಅದಲುಬದಲು ಮಾಡಿರಿ. ಆಗಲೂ ದಂಡಿ ಸಮ ನಿಂತರೆ ತಕ್ಕಡಿ ಪ್ರಾಮಾಣಿಕ. ಒಂದು ಕಡೆ ವಾಲಿದರೆ ದಂಡಿಯ ಎರಡು ತೋಳುಗಳು ಸಮ ಇಲ್ಲ. ಇದು ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಪರೀಕ್ಷೆ.

'ತೋಳು ಉದ್ದವಾದರೆ ಏನಾಗುತ್ತದೆ?' ಎಂದು ಮಗುವನ್ನು ಕೇಳಿ, ಮೂವತ್ತು ಸೆಂಟಿಮೀಟರಿನ ಪಟ್ಟಿಯನ್ನು 15ರ ಗುರುತಿನಲ್ಲಿ ದಾರದಿಂದ ತೂಗುಹಾಕಿರಿ. ಒಂದೇ ಬಗೆಯ ನಾಣ್ಯಗಳನ್ನು ತೆಗೆದುಕೊಂಡು, ಒಂದು ಕಡೆ ನಡುವಿನಿಂದ 6 ಸೆಂ.ಮೀ. ದೂರದಲ್ಲಿ ಎರಡು ನಾಣ್ಯಗಳನ್ನು ಕಟ್ಟಿರಿ. ಇನ್ನೊಂದು ಕಡೆ ಒಂದೇ ನಾಣ್ಯವನ್ನು ಎಲ್ಲಿ ಕಟ್ಟಿದರೆ ಪಟ್ಟಿ ಸಮ ನಿಲ್ಲುತ್ತದೆಂದು ಮಗು ಮೊದಲು ಊಹಿಸಲಿ, ಆಮೇಲೆ ಮಾಡಿ ನೋಡಲಿ. 12ರ ಹತ್ತಿರ ಸಮ ನಿಲ್ಲುತ್ತದೆ. ಎರಡಾರಲೆ ಹನ್ನೆರಡು, ಒಂದು ಹನ್ನೆರಡಲೆ ಹನ್ನೆರಡು. ಸನ್ನೆಯ ನಿಯಮ ಇಷ್ಟೇ. ಇದನ್ನು ತಾನೇ ಕಂಡುಕೊಂಡ ಮಗು ಮರೆಯುವುದಿಲ್ಲ.

ಎಣ್ಣೆಯ ಪಾಕೀಟು

ಅಡಿಗೆ ಎಣ್ಣೆಯ ಒಂದು ಲೀಟರಿನ ಪಾಕೀಟನ್ನು ಕಾಟಾದ ಮೇಲೆ ಇಟ್ಟರೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 910 ಗ್ರಾಂ ತೂಗುತ್ತದೆ. 'ಅಜ್ಜಾ, ಲೀಟರ್ ತುಂಬಾ ಐತಿ, ಕಿಲೋ ಯಾಕ ಆಗಲಿಲ್ಲ?' ಎಂದು ಮಗು ಕೇಳಿದರೆ, ಒಂದು ಲೀಟರ್ ನೀರನ್ನು ತೂಗಲು ಹೇಳಿರಿ. ಪಾತ್ರೆಯ ತೂಕ ಕಳೆದರೆ ನೀರು ಒಂದು ಕಿಲೋ ಬರುತ್ತದೆ. ಅಷ್ಟೇ ಜಾಗದಲ್ಲಿ ಎಣ್ಣೆಯ ತೂಕ ಕಡಿಮೆ, ಆದ್ದರಿಂದಲೇ ಅದು ನೀರಿನ ಮೇಲೆ ತೇಲುತ್ತದೆ. ಸಾಂದ್ರತೆ ಎಂಬ ಶಬ್ದವನ್ನು ಆಗ ಹೇಳಿರಿ. ಮೊದಲು ವಸ್ತು, ಆಮೇಲೆ ಹೆಸರು.

ಈ ಪಾಠಕ್ಕೆ ಇನ್ನೊಂದು ಮಜಲಿದೆ. ಎಣ್ಣೆ ಕಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಉಷ್ಣತೆಯಲ್ಲಿ ಸುಮಾರು 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ಮಾತ್ರ. ಅಳತೆ ಅದೇ, ಮಾಲು 26 ಗ್ರಾಂ ಕಡಿಮೆ. ಕೆಲವರು ಪಾಕೀಟಿನ ಮೇಲೆ ಹೆಚ್ಚಿನ ಉಷ್ಣತೆಯ ಲೀಟರ್ ಲೆಕ್ಕವನ್ನು ಅಚ್ಚುಹಾಕುತ್ತಿದ್ದರು. ಆದ್ದರಿಂದ 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣತೆಯನ್ನು ನಮೂದಿಸದೆ ಲೀಟರಿನ ಜೊತೆಗೆ ತೂಕವನ್ನೂ ಸರಿಯಾಗಿ ಅಚ್ಚುಹಾಕಬೇಕೆಂದು ತಿಳಿಸಿತು. ಅದಕ್ಕೆ 2023ರ ಜನವರಿ 15ರ ವರೆಗೆ ಅವಧಿ ಕೊಟ್ಟಿತು. ಏಳನೆಯ ಇಯತ್ತೆಯ ಪಾಠ ಗ್ರಾಹಕನ ಹಕ್ಕನ್ನೂ ವ್ಯಾಪಾರಿಯ ಮರ್ಯಾದೆಯನ್ನೂ ಮುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅಡಿಗೆಮನೆಯಲ್ಲಿ

ನಮ್ಮ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಬಳಸುವ ರೂಢಿಯಿಲ್ಲ. ಸೋಸುವಿಕೆಯ ಪಾಠಕ್ಕೆ ಅಲ್ಲಿಂದಲೇ ಶುರುಮಾಡಬಹುದು. ಮಣ್ಣು ಕಲಸಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿದರೆ ಮಣ್ಣು ಬಹುಪಾಲು ಮೇಲೆಯೇ ಉಳಿಯುತ್ತದೆ. ಉಪ್ಪು ಕರಗಿದ ನೀರನ್ನು ಎಷ್ಟು ಸಲ ಸೋಸಿದರೂ ಉಪ್ಪಾಗಿಯೇ ಇರುತ್ತದೆ. ಹಾಗಾದರೆ ಉಪ್ಪನ್ನು ಹಿಂದಕ್ಕೆ ಪಡೆಯುವುದು ಹೇಗೆ? ತಟ್ಟೆಯಲ್ಲಿ ಸ್ವಲ್ಪ ಹಾಕಿ ಮಾಳಿಗೆಯ ಬಿಸಿಲಿನಲ್ಲಿ ಇಡಲಿ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮಿಶ್ರಣಕ್ಕೂ ದ್ರಾವಣಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ.

ಇನ್ನು ಅರಿಷಿಣ. ಅಂಗಿಯ ಮೇಲಿನ ಅರಿಷಿಣದ ಕಲೆ ಸೋಪು ಹಚ್ಚಿದೊಡನೆ ಕೆಂಪಾಗುವುದನ್ನು ಎಲ್ಲ ತಾಯಂದಿರೂ ಕಂಡಿದ್ದಾರೆ. ಓಕುಳಿಯ ನೀರು ಕೆಂಪಾಗುವುದೂ ಅರಿಷಿಣಕ್ಕೆ ಸುಣ್ಣ ಸೇರಿದ್ದರಿಂದಲೇ. ಬಿಳಿ ಕಾಗದಕ್ಕೆ ಅರಿಷಿಣ ಬಳಿದು ಒಣಗಿಸಿ ಪಟ್ಟಿಗಳನ್ನು ಕತ್ತರಿಸಿರಿ. ಸೋಪಿನ ನೀರು, ಸುಣ್ಣದ ತಿಳಿನೀರು ತಾಗಿದರೆ ಪಟ್ಟಿ ಕೆಂಪಾಗುತ್ತದೆ, ನಿಂಬೆರಸ ಹಾಕಿದರೆ ಮತ್ತೆ ಹಳದಿ. ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕೆ ಇಷ್ಟು ಸಾಕು. ಈ ಯಾವ ಪ್ರಯೋಗದಲ್ಲಿಯೂ ಜೀವಕ್ಕೆ ನೋವಿಲ್ಲ, ಖರ್ಚೂ ಇಲ್ಲ.

ಉತ್ತರಕ್ಕೆ ಅವಸರ ಬೇಡ

ತಟ್ಟೆಯ ನೀರಿನಲ್ಲಿ ಉರಿಯುವ ಮೇಣಬತ್ತಿ ಇಟ್ಟು ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ, ಬತ್ತಿ ಆರಿ ನೀರು ಮೇಲೇರುತ್ತದೆ. 'ಆಮ್ಲಜನಕ ಸುಟ್ಟುಹೋಯಿತು, ಆ ಜಾಗಕ್ಕೆ ನೀರು ಬಂತು' ಎಂದು ಅನೇಕರು ಹೇಳಿಬಿಡುತ್ತಾರೆ. ಆದರೆ ಅದೇ ಲೋಟದೊಳಗೆ ಒಂದರ ಬದಲು ಮೂರು ಬತ್ತಿ ಇಟ್ಟು ನೋಡಿರಿ, ನೀರು ಇನ್ನೂ ಮೇಲೇರುತ್ತದೆ. ಲೋಟದಲ್ಲಿರುವ ಆಮ್ಲಜನಕವಂತೂ ಹೆಚ್ಚಾಗಿಲ್ಲ. ಹೆಚ್ಚಾದದ್ದು ಬಿಸಿ. ಕಾದು ಹಿಗ್ಗಿದ ಗಾಳಿಯಲ್ಲಿ ಒಂದಿಷ್ಟು ಹೊರಗೆ ಹೋಗಿ, ಬತ್ತಿ ಆರಿದ ಮೇಲೆ ಉಳಿದದ್ದು ತಣ್ಣಗಾಗಿ ಕುಗ್ಗುವುದೇ ಇಲ್ಲಿ ಮುಖ್ಯ ಕಾರಣ. 'ಬತ್ತಿ ಹೆಚ್ಚಿಸಿ ನೋಡೋಣ' ಎಂಬ ಒಂದು ಮಾತು ಬಾಯಿಪಾಠದ ಉತ್ತರವನ್ನು ಒರೆಗೆ ಹಚ್ಚುತ್ತದೆ. ಮಗು ಕಲಿಯಬೇಕಾದದ್ದು ಈ ಗುಣವನ್ನು.

ಎರಡು ಭಾಷೆಗಳ ನಡುವೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬಹಳ ಮಕ್ಕಳಿಗೆ ಮರಾಠಿ ಅಥವಾ ಇಂಗ್ಲಿಷು. ನಾವು ಸಾಂದ್ರತೆ ಎನ್ನುವುದಕ್ಕೆ ಮರಾಠಿ ಪುಸ್ತಕದಲ್ಲಿ 'ಘನತಾ' ಎಂದಿದೆ. ಕನ್ನಡದಲ್ಲಿ ಘನತೆ ಎಂದರೆ ದೊಡ್ಡಸ್ತಿಕೆ! ಸನ್ನೆಗೆ ಅಲ್ಲಿ 'ತರಫ', ಪ್ರತ್ಯಾಮ್ಲಕ್ಕೆ 'ಆಮ್ಲಾರಿ'. ಗಡಿಯಾಚೆಯ ಇತರ ಕನ್ನಡ ಊರುಗಳಲ್ಲಿಯೂ ಭಾಷೆ ಬೇರೆಯಾದರೂ ತೊಡಕು ಇದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಸಾಧ್ಯವಿರುವ ಕಡೆ ಕನಿಷ್ಠ ಐದನೆಯ, ಮೇಲಾಗಿ ಎಂಟನೆಯ ತರಗತಿಯ ವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದೂ, ವಿಜ್ಞಾನ ಮತ್ತು ಗಣಿತಕ್ಕೆ ಎರಡು ಭಾಷೆಗಳ ಪುಸ್ತಕಗಳು ಬೇಕೆಂದೂ ಹೇಳಿದೆ. ಆ ಪುಸ್ತಕ ಕೈಗೆ ಬರುವವರೆಗೆ ಕಾಯಬೇಕಿಲ್ಲ. ಒಂದು ವಹಿಯಲ್ಲಿ ಮೂರು ಕಾಲಂ ಹಾಕಿ ಕನ್ನಡ, ಮರಾಠಿ, ಇಂಗ್ಲಿಷ್ ಶಬ್ದಗಳನ್ನು ಮಗುವೇ ಬರೆಯಲಿ. ಎದುರಿಗೆ ಆ ಶಬ್ದಕ್ಕೆ ಹೊಂದುವ ಮನೆಯ ವಸ್ತುವಿನ ಹೆಸರಿರಲಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದ ಹಳೆಯ ಸಂಚಿಕೆಗಳು ಸಿಕ್ಕರೆ ಕನ್ನಡ ಶಬ್ದಗಳಿಗೆ ಒಳ್ಳೆಯ ನೆರವು.

ಹಿರಿಯರು ಪಾಲಿಸಬೇಕಾದದ್ದು

1. ವಾರಕ್ಕೊಂದು ಪ್ರಯೋಗ ಸಾಕು. ಅಂಗಡಿಗೆ ರಜೆಯ ದಿನ ಅರ್ಧ ಗಂಟೆ ಕೊಡಿರಿ.
2. ಮಾಡುವ ಮೊದಲು ಮಗು ತನ್ನ ಊಹೆಯನ್ನು ಬರೆಯಲಿ. ಊಹೆ ತಪ್ಪಿದರೆ ನಗಬೇಡಿರಿ.
3. ಉತ್ತರ ಗೊತ್ತಿಲ್ಲದಿದ್ದರೆ 'ಇಬ್ಬರೂ ಕೂಡಿ ನೋಡೋಣ' ಎನ್ನಿರಿ. 'ಸುಮ್ಮನಿರು' ಎನ್ನಬೇಡಿರಿ.
4. ಬೆಂಕಿ, ಬಿಸಿ, ಸುಣ್ಣ ಇರುವಲ್ಲಿ ಹಿರಿಯರು ಜೊತೆಗಿರಬೇಕು. ವಿದ್ಯುತ್ತಿನ ಪಾಠಕ್ಕೆ ಟಾರ್ಚಿನ ಸೆಲ್ ಮಾತ್ರ, ಮನೆಯ ಕರೆಂಟನ್ನು ಮುಟ್ಟಕೂಡದು. ಶೌಚಾಲಯ ತೊಳೆಯುವ ಆ್ಯಸಿಡ್ ಬೇಡ.
5. ಹೆಣ್ಣುಮಕ್ಕಳನ್ನು ಬಿಡಬೇಡಿರಿ. ತಕ್ಕಡಿಯ ಮುಂದೆ ಇಬ್ಬರೂ ಸಮ.

ಮಳೆಗಾಲದಲ್ಲಿ ಬೆಲ್ಲ ಏಕೆ ನೀರೊಡೆಯುತ್ತದೆ, ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ಏಕೆ ತಂಪು, ಮಳೆಗಾಲದಲ್ಲಿ ಅಷ್ಟು ತಂಪೇಕೆ ಆಗುವುದಿಲ್ಲ? ಈ ಪ್ರಶ್ನೆಗಳನ್ನು ಮುಂದಿನ ಸಂಚಿಕೆ ಬರುವುದರೊಳಗೆ ನಿಮ್ಮ ಮನೆಯ ಮಕ್ಕಳ ಮುಂದೆ ಇಡಿರಿ. ವಂಶದ ಗಲ್ಲೆಯನ್ನು ಅವರು ಮುಂದುವರಿಸಲಿ ಇಲ್ಲವೆ ಬೇರೆ ಉದ್ಯೋಗ ಹಿಡಿಯಲಿ, ತೂಗಿ ನೋಡದೆ ಯಾವ ಮಾತನ್ನೂ ಒಪ್ಪದ ಬುದ್ಧಿ ಅವರ ಜೊತೆಗಿರಬೇಕು.