ಹಸುಳೆಗೆ ಶೇಂಗಾ ಕೊಡಬಹುದೆ?

ವಾಡಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಕಲಬುರಗಿ ಜಿಲ್ಲೆಯ ರೈಲ್ವೆ ಜಂಕ್ಷನ್ ನೆನಪಿಗೆ ಬರುವುದು. ನಾನು ಹೇಳಹೊರಟಿರುವುದು ಆ ವಾಡಿಯಲ್ಲ; ನಾಗಪುರದ ಪಶ್ಚಿಮಕ್ಕೆ, ಅಮರಾವತಿಯ ರಸ್ತೆಯ ಮೇಲಿರುವ ವಾಡಿ. ಅಂಬಾಝರಿಯ ಆಯುಧ ಕಾರ್ಖಾನೆ ಅದಕ್ಕೆ ಸಮೀಪವಾಗಿದೆ. ಸರಕಿನ ಗೋದಾಮುಗಳೂ ಲಾರಿಗಳ ಸಾಲೂ ಆ ಊರಿನ ಗುರುತು. ಅಲ್ಲಿ ನೆಲೆಸಿರುವ ನಮ್ಮ ಅಕ್ಕನ ಮನೆಗೆ ಕಳೆದ ದೀಪಾವಳಿಯ ರಜೆಯಲ್ಲಿ ಹೋಗಿದ್ದೆ. ಒಂದು ದಿನ ಆ ಮನೆಯಲ್ಲಿ ನಡೆದ ಸಣ್ಣ ಸಂಗತಿಯೇ ಈ ಲೇಖನಕ್ಕೆ ಕಾರಣವಾಯಿತು.

ಅಕ್ಕನ ಕಿರಿಯ ಮಗಳಿಗೆ ಆಗ ಏಳನೆಯ ತಿಂಗಳು. ಅನ್ನಪ್ರಾಶನವಾಗಿ ಕೆಲವೇ ವಾರಗಳಾಗಿದ್ದುವು. ಮೆತ್ತಗೆ ಬೆಂದ ಅನ್ನ, ಬೇಳೆಯ ಕಟ್ಟು, ಹಿಚುಕಿದ ಬಾಳೆಹಣ್ಣು ಇವನ್ನು ಕೂಸು ಉಣ್ಣಲು ಕಲಿತಿತ್ತು. ಅಂದು ಏಕಾದಶಿ. ಉಪವಾಸದ ಸಾಬೂದಾಣೆ ಖಿಚಡಿಗೆಂದು ಅಕ್ಕನ ಅತ್ತೆಯವರು ಶೇಂಗಾ ಹುರಿದು ಮೊರದಲ್ಲಿ ಹರವಿದ್ದರು. ನಾಲ್ಕನೆಯ ತರಗತಿಯಲ್ಲಿ ಓದುವ ಅಕ್ಕನ ಮಗ, ತಂಗಿಯ ಮೇಲಿನ ಪ್ರೀತಿಯಿಂದ, ಒಂದು ಇಡೀ ಕಾಳನ್ನು ಅವಳ ತುಟಿಗೆ ಹಿಡಿದನು. ಅಕ್ಕ ಓಡಿಬಂದು ಅದನ್ನು ಕಿತ್ತೆಸೆದಳು. ಹುಡುಗ ಅಳತೊಡಗಿದನು.

“ನಮ್ಮ ವಿಜಾಪುರದ ಕಡೆ ಶೇಂಗಾ ತಿನ್ನದ ಕೂಸು ಯಾವುದದ ಹೇಳವ್ವಾ?” ಎಂದರು ಅತ್ತೆ.

“ಬ್ಯಾಡ್ರಿ ಅತ್ತಿ. ಮೂರು ವರ್ಷ ತುಂಬೋ ತನಕ ಶೇಂಗಾದ ವಾಸನೀನೂ ತೋರಿಸಬಾರದಂತ. ಅಲರ್ಜಿ ಆಗ್ತದಂತ,” ಎಂದಳು ಅಕ್ಕ.

ಇಬ್ಬರಲ್ಲಿ ಯಾರ ಮಾತು ಸರಿ? ಮರುದಿನ ಕೂಸಿಗೆ ಲಸಿಕೆ ಹಾಕಿಸಲು ಹೋದಾಗ ಮಕ್ಕಳ ವೈದ್ಯರನ್ನೇ ಕೇಳಿದೆವು. ಅವರು ನಕ್ಕು, “ಇಬ್ಬರದೂ ಅರ್ಧರ್ಧ ಸರಿ, ಇಬ್ಬರದೂ ಅರ್ಧರ್ಧ ತಪ್ಪು” ಎಂದರು. ಆ ಮಾತಿನ ಅರ್ಥವನ್ನು ಬಿಡಿಸಿ ಹೇಳುವುದೇ ನನ್ನ ಉದ್ದೇಶ. ಮನೆಯಲ್ಲಿ ಎಳೆಯ ತಮ್ಮತಂಗಿಯರಿರುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ.

ಶೇಂಗಾ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಶೇಂಗಾ ಹಿಂಡಿ ಮತ್ತು ಶೇಂಗಾ ಹೋಳಿಗೆಯನ್ನು ಅರಿಯದವರಾರು? ದಕ್ಷಿಣದವರು ಅದನ್ನೇ ಕಡಲೆಕಾಯಿ ಎನ್ನುವರು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಅದರ ಹೆಸರಿನಲ್ಲಿ ಪರಿಷೆಯೇ ನೆರೆಯುತ್ತದೆ. ಇದರ ತವರು ದಕ್ಷಿಣ ಅಮೆರಿಕ. ಹೂ ನೆಲದ ಮೇಲೆ ಅರಳಿದರೂ ಕಾಯಿ ಮಣ್ಣಿನೊಳಗೆ ಬಲಿಯುವುದು ಇದರ ವಿಶೇಷ. ಹುರಿದ ಶೇಂಗಾವನ್ನು ಎಣ್ಣೆ ಬಿಟ್ಟುಕೊಳ್ಳುವವರೆಗೆ ಅರೆದರೆ ನುಣ್ಣನೆಯ ಮುದ್ದೆಯಾಗುತ್ತದೆ. ಅಂಗಡಿಗಳಲ್ಲಿ ಪೀನಟ್ ಬಟರ್ ಎಂದು ಮಾರುವುದು ಇದನ್ನೇ. ಹೆಸರಿನಲ್ಲಿ ಬೆಣ್ಣೆಯಿದ್ದರೂ ಅದರೊಳಗೆ ಬೆಣ್ಣೆಯಿಲ್ಲ.

ಇಷ್ಟು ಒಳ್ಳೆಯ ಆಹಾರ ಕೆಲವರಿಗೆ ಕೇಡಾಗುವುದೇಕೆ? ನಮ್ಮ ದೇಹದೊಳಗೆ ರೋಗಾಣುಗಳೊಡನೆ ಹೋರಾಡುವ ರಕ್ಷಣಾ ವ್ಯವಸ್ಥೆಯೊಂದಿದೆ. ಅದನ್ನು ಊರ ಬಾಗಿಲ ಕಾವಲುಗಾರನಿಗೆ ಹೋಲಿಸಬಹುದು. ಕಳ್ಳನನ್ನು ಹಿಡಿಯುವುದು ಅವನ ಕೆಲಸ. ಆದರೆ ಒಮ್ಮೊಮ್ಮೆ ಅವನು ನಿರಪರಾಧಿಯಾದ ಅತಿಥಿಯನ್ನೇ ಕಳ್ಳನೆಂದು ಭ್ರಮಿಸುತ್ತಾನೆ. ಶೇಂಗಾದ ಪ್ರೋಟೀನನ್ನು ಹಗೆಯೆಂದು ಬಗೆದ ದೇಹ ಅದರ ವಿರುದ್ಧ ಇಮ್ಯುನೊಗ್ಲೋಬ್ಯುಲಿನ್-ಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಕೊಳ್ಳುತ್ತದೆ. ಮತ್ತೆ ಶೇಂಗಾ ಒಳಹೊಕ್ಕಾಗ ಕೆಲವು ಜೀವಕೋಶಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಒಮ್ಮೆಲೆ ಹೊರಸೂಸುತ್ತವೆ. ಆಗ ಮೈಯಲ್ಲಿ ದದ್ದು ಏಳುತ್ತದೆ, ತುಟಿ ಬಾಯುತ್ತದೆ, ವಾಂತಿಯಾಗುತ್ತದೆ. ಉಗ್ರವಾದಾಗ ಉಸಿರಾಟಕ್ಕೇ ಸಂಚಕಾರ ಬರುತ್ತದೆ. ಈ ವಿಪರೀತ ವರ್ತನೆಗೆ ‘ಅಲರ್ಜಿ’ ಎಂಬ ಹೆಸರನ್ನು 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬುವರು ಕೊಟ್ಟರು. ಶೇಂಗಾ ಒಂದೇ ಅಲ್ಲ. ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು, ಮೀನು, ಸೀಗಡಿ, ಗೋಡಂಬಿ ಬಾದಾಮಿಗಳಂತಹ ಬೀಜಗಳು ಇವೂ ಕೆಲವರಿಗೆ ಒಗ್ಗುವುದಿಲ್ಲ.

ಅಲರ್ಜಿ ತರುವ ವಸ್ತುವನ್ನು ಎಳೆಯ ಮಕ್ಕಳಿಂದ ದೂರವಿಡಬೇಕೆಂಬುದು ಮೇಲುನೋಟಕ್ಕೆ ಯುಕ್ತವಾಗಿಯೇ ತೋರುತ್ತದೆ. ವೈದ್ಯರೂ ಹಿಂದೆ ಹಾಗೆಯೇ ತಿಳಿದಿದ್ದರು. ಅಲರ್ಜಿಯ ಸಂಭವ ಹೆಚ್ಚಾಗಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಶೇಂಗಾ ಕೊಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯು 2000ದಲ್ಲಿ ಸಲಹೆ ಮಾಡಿತ್ತು. ನಮ್ಮ ಅಕ್ಕ ಹೇಳಿದ್ದು ಈ ಹಳೆಯ ಮಾತನ್ನೇ. ಆದರೆ ಹೀಗೆ ತಡಮಾಡುವುದರಿಂದ ಅಲರ್ಜಿ ತಪ್ಪುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅದೇ ಸಂಸ್ಥೆ 2008ರಲ್ಲಿ ಒಪ್ಪಿಕೊಂಡಿತು.

ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಅವರ ಸಹೋದ್ಯೋಗಿಗಳು ಒಂದು ಕುತೂಹಲಕರ ಸಂಗತಿಯನ್ನು ಪ್ರಕಟಿಸಿದರು. ಬ್ರಿಟನ್ನಿನ ಯೆಹೂದಿ ಮಕ್ಕಳಲ್ಲಿ ನೂರಕ್ಕೆ 1.85 ಮಂದಿಗೆ ಶೇಂಗಾದ ಅಲರ್ಜಿಯಿದ್ದರೆ, ಇಸ್ರೇಲಿನ ಯೆಹೂದಿ ಮಕ್ಕಳಲ್ಲಿ ನೂರಕ್ಕೆ 0.17 ಮಂದಿಗೆ ಮಾತ್ರ ಅದಿತ್ತು. ಒಂದೇ ಜನಾಂಗದಲ್ಲಿ ಹತ್ತು ಪಾಲು ವ್ಯತ್ಯಾಸವೇಕೆ? ಇಸ್ರೇಲಿನಲ್ಲಿ ಶೇಂಗಾದಿಂದ ಮಾಡಿದ, ಬಾಯಲ್ಲಿಟ್ಟರೆ ಕರಗುವ ಬಂಬಾ ಎಂಬ ತಿಂಡಿಯನ್ನು ಕೂಸುಗಳು ಮೊದಲ ವರ್ಷದಲ್ಲಿಯೇ ತಿನ್ನುತ್ತವೆ. ಬ್ರಿಟನ್ನಿನ ತಾಯಂದಿರಾದರೋ ಹೆದರಿ ಶೇಂಗಾವನ್ನು ದೂರವಿಟ್ಟಿದ್ದರು.

ಇಷ್ಟರಿಂದಲೇ ನಿರ್ಣಯಕ್ಕೆ ಬರುವುದು ವಿಜ್ಞಾನದ ರೀತಿಯಲ್ಲ. ಎರಡು ದೇಶಗಳ ನಡುವೆ ಬೇರೆ ಭೇದಗಳೂ ಇದ್ದಾವು. ಆದುದರಿಂದ ಒಂದು ಪ್ರಯೋಗ ನಡೆಯಿತು. ಉಗ್ರವಾದ ಚರ್ಮದ ಕಜ್ಜಿ ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ ಪ್ರಾಯದ 640 ಶಿಶುಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಪಂಗಡಗಳಾಗಿ ವಿಂಗಡಿಸಿದರು. ಒಂದು ಪಂಗಡಕ್ಕೆ ವಾರಕ್ಕೆ ಸುಮಾರು 6 ಗ್ರಾಂ ಶೇಂಗಾ ಪ್ರೋಟೀನನ್ನು ಮೂರು ಅಥವಾ ಹೆಚ್ಚು ಸಲ ಹಂಚಿ ಉಣಿಸಿದರು. ಇನ್ನೊಂದಕ್ಕೆ ಶೇಂಗಾವನ್ನು ಪೂರ್ಣವಾಗಿ ವರ್ಜಿಸಿದರು. ಐದು ವರ್ಷ ತುಂಬಿದಾಗ, ವರ್ಜಿಸಿದ ಮಕ್ಕಳಲ್ಲಿ ನೂರಕ್ಕೆ 17.2 ಮಂದಿಗೆ ಅಲರ್ಜಿ ಕಂಡುಬಂದಿತು; ಉಂಡ ಮಕ್ಕಳಲ್ಲಿ 3.2 ಮಂದಿಗೆ ಮಾತ್ರ! ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಹದಿಮೂರರ ಸುಮಾರಿಗೆ ಬಂದಾಗಲೂ ಆ ರಕ್ಷಣೆ ಉಳಿದಿತ್ತೆಂದು 2024ರಲ್ಲಿ ತಿಳಿದುಬಂದಿತು. ರಕ್ಷಿಸಬೇಕೆಂದು ಮಾಡಿದ ಪಥ್ಯವೇ ರೋಗಕ್ಕೆ ಎಡೆಗೊಟ್ಟಿತ್ತೆಂದಾಯಿತು.

ಇದರ ಗುಟ್ಟೇನು? ದೇಹಕ್ಕೆ ಎರಡು ಬಾಗಿಲುಗಳಿವೆ ಎಂದುಕೊಳ್ಳಿ: ಒಂದು ಬಾಯಿ, ಇನ್ನೊಂದು ಚರ್ಮ. ಬಾಯಿಯ ಬಾಗಿಲಿಂದ ಬಂದುದನ್ನು ಕರುಳು ಆಹಾರವೆಂದು ಸ್ವೀಕರಿಸಿ ಅದರೊಡನೆ ಸ್ನೇಹ ಬೆಳೆಸುತ್ತದೆ. ಕಜ್ಜಿಯಿಂದ ಬಿರಿದ ಚರ್ಮದ ಮೂಲಕ ನುಸುಳಿದುದನ್ನಾದರೋ ಕಾವಲುಗಾರ ಹಗೆಯೆಂದೇ ಬಗೆಯುತ್ತಾನೆ. ಶೇಂಗಾ ಬಳಸುವ ಮನೆಯಲ್ಲಿ ಅದರ ಕಣಗಳು ಧೂಳಿನಲ್ಲಿ, ಹಾಸಿಗೆಯಲ್ಲಿ, ಎತ್ತಿಕೊಳ್ಳುವವರ ಕೈಯಲ್ಲಿ ಇದ್ದೇ ಇರುತ್ತವೆ. ಬಾಯಿಯ ಬಾಗಿಲನ್ನು ಮುಚ್ಚಿ ಕುಳಿತರೆ ಚರ್ಮದ ಬಾಗಿಲಿಂದ ಮೊದಲ ಪರಿಚಯವಾಗಿಬಿಡುವ ಅಪಾಯವುಂಟು. ಆದುದರಿಂದಲೇ ಮೊದಲ ಪರಿಚಯ ಬಾಯಿಯಿಂದ ಆಗಲಿ, ಬೇಗನೆ ಆಗಲಿ ಎನ್ನುತ್ತಾರೆ ಈಗಿನ ವೈದ್ಯರು.

ಇಲ್ಲಿ ನಮ್ಮ ನಾಡಿನ ಒಂದು ಅಧ್ಯಯನವನ್ನೂ ಹೇಳಬೇಕು. ಕರ್ನಾಟಕದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯಗಳಿದ್ದುವು. ಆದರೆ ನಿಜವಾಗಿ ಆಹಾರದ ಅಲರ್ಜಿ ಇರುವ ಸಂಭವ ಕಂಡದ್ದು ನೂರಕ್ಕೆ 1.2 ಮಂದಿಯಲ್ಲಿ ಮಾತ್ರ. ರಕ್ತಪರೀಕ್ಷೆಯ ಕಾಗದವೊಂದನ್ನೇ ನೋಡಿ ಮಗುವಿನ ತಟ್ಟೆಯಿಂದ ಆಹಾರವನ್ನು ತೆಗೆದುಹಾಕಬಾರದೆಂಬ ಪಾಠ ಇದರಲ್ಲಿದೆ.

ಇನ್ನು ಅತ್ತೆಯವರ ಮಾತಿನಲ್ಲಿದ್ದ ತಪ್ಪು ಯಾವುದು? ಶೇಂಗಾ ಕೊಡಬೇಕೆಂಬುದು ಸರಿ. ಆದರೆ ಕಾಳಿನ ರೂಪದಲ್ಲಿ ಕೊಡಬಾರದು. ಹಸುಳೆಗೆ ಅಗಿಯುವ ದವಡೆ ಹಲ್ಲುಗಳಿಲ್ಲ. ನಗುವಾಗಲೋ ಅಳುವಾಗಲೋ ಕಾಳು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಜಾರಬಹುದು. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಕಾಳು ಪ್ರಮುಖವಾದುದು. ಇಡೀ ಕಾಳನ್ನಾಗಲಿ ಒಡೆದ ಬೇಳೆಯನ್ನಾಗಲಿ ಐದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಗಟ್ಟಿಯಾದ ಶೇಂಗಾ ಮುದ್ದೆಯನ್ನು ಹಾಗೆಯೇ ಚಮಚದಲ್ಲಿ ಕೊಟ್ಟರೆ ಅದೂ ಅಂಗುಳಿಗೆ ಅಂಟಿಕೊಂಡು ಉಸಿರುಗಟ್ಟಿಸೀತು. ಅಕ್ಕ ಕಾಳನ್ನು ಕಿತ್ತೆಸೆದುದು ಸರಿಯೇ. ಕಾರಣ ಮಾತ್ರ ಅವಳು ತಿಳಿದಿದ್ದುದಲ್ಲ.

ಹಾಗಾದರೆ ಕೊಡುವ ಬಗೆ ಹೇಗೆ? ವೈದ್ಯರು ಹೇಳಿದ ಕ್ರಮ ಹೀಗಿತ್ತು. ಆರು ತಿಂಗಳು ತುಂಬಿ, ಕೂಸು ಆಸರೆಯಿಂದ ಕುಳಿತು ಕತ್ತು ನಿಲ್ಲಿಸಬಲ್ಲುದಾಗಿ, ಅನ್ನ ಬೇಳೆಗಳನ್ನು ಆಗಲೇ ಉಣ್ಣುತ್ತಿರಬೇಕು. ಜ್ವರ ನೆಗಡಿಗಳಿಲ್ಲದ ದಿನ, ಹಗಲು ಹೊತ್ತಿನಲ್ಲಿ, ಹಿರಿಯರೊಬ್ಬರು ಎದುರಿಗಿರುವಾಗ ಕೊಡಬೇಕು. ಕಹಿಯಾದ, ಬೂಷ್ಟು ಹಿಡಿದ, ಸುಕ್ಕಿದ ಕಾಳುಗಳನ್ನು ಆರಿಸಿ ತೆಗೆದು, ಉಳಿದವನ್ನು ಹುರಿದು, ಸಿಪ್ಪೆ ಬಿಡಿಸಿ, ನುಣ್ಣಗೆ ಅರೆಯಬೇಕು. ಉಪ್ಪು, ಸಕ್ಕರೆ, ಖಾರ ಯಾವುದೂ ಬೇಡ. ಆ ಮುದ್ದೆಯನ್ನು ಬೆಚ್ಚನೆಯ ನೀರಿನಲ್ಲಿಯೋ ತಾಯಿಯ ಹಾಲಿನಲ್ಲಿಯೋ ಗಂಜಿಯಷ್ಟು ತೆಳ್ಳಗೆ ಕದಡಿ, ಮೊದಲು ಚಮಚದ ತುದಿಯಷ್ಟನ್ನೇ ನೆಕ್ಕಿಸಿ, ಹತ್ತು ನಿಮಿಷ ಕಾಯಬೇಕು. ಏನೂ ಆಗದಿದ್ದರೆ ಉಳಿದುದನ್ನು ಮೆಲ್ಲಗೆ ಉಣಿಸಿ, ಎರಡು ಗಂಟೆಗಳ ಕಾಲ ಕಣ್ಣಿಟ್ಟಿರಬೇಕು.

ಒಂದು ದಿನ ಒಂದೇ ಹೊಸ ಆಹಾರ. ಮುಂದಿನದಕ್ಕೆ ಮೂರು ನಾಲ್ಕು ದಿನಗಳ ಅಂತರ. ಇದೇ ಕ್ರಮದಲ್ಲಿ ಗೋಧಿಯ ಗಂಜಿ, ಮೊಸರು, ಅರೆದ ಎಳ್ಳು ಇವನ್ನೂ, ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಇವನ್ನೂ ಪರಿಚಯಿಸಬಹುದು. ಒಗ್ಗಿದ ಆಹಾರವನ್ನು ಅಲ್ಲಿಗೇ ಬಿಡದೆ ವಾರಕ್ಕೆ ಎರಡು ಮೂರು ಸಲವಾದರೂ ಕೊಡುತ್ತಿರಬೇಕು. ಬಳಕೆ ತಪ್ಪಿದರೆ ಸ್ನೇಹವೂ ತಪ್ಪೀತು.

ಮೈತುಂಬ ಉಗ್ರವಾದ ಕಜ್ಜಿಯಿರುವ, ಅಥವಾ ಮೊಟ್ಟೆ ಮೊದಲಾದುವುಗಳ ಅಲರ್ಜಿ ಆಗಲೇ ಕಂಡಿರುವ ಕೂಸಿಗೆ ಮಾತ್ರ ಮನೆಯಲ್ಲಿ ಪ್ರಯೋಗ ಮಾಡಬಾರದು. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆದರೆ ಅಂತಹ ಕೂಸಿಗೇ ಬೇಗ ಕೊಡುವುದರ ಅಗತ್ಯ ಹೆಚ್ಚಾದುದರಿಂದ, ವೈದ್ಯರ ಭೇಟಿಯನ್ನು ಮುಂದೂಡುವುದೂ ಸಲ್ಲದು.

ಅಪಾಯದ ಗುರುತುಗಳನ್ನು ಮಕ್ಕಳಾದ ನೀವೂ ಅರಿತಿರಬೇಕು. ಬಾಯಿಯ ಸುತ್ತ ಸ್ವಲ್ಪ ಕೆಂಪು, ಒಂದೆರಡು ದದ್ದು ಕಂಡರೆ ಉಣಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಉಸಿರಾಟದಲ್ಲಿ ಸುಂಯ್ಗುಟ್ಟುವ ಸದ್ದು, ಬಿಡದ ಕೆಮ್ಮು, ಅಳುವಿನ ದನಿ ಒಡೆಯುವುದು, ನಾಲಗೆ ಬಾಯುವುದು, ಮೇಲಿಂದ ಮೇಲೆ ವಾಂತಿ, ಮೈ ಬಿಳಿಚಿ ಕೂಸು ಸೋತು ಬೀಳುವುದು ಇವುಗಳಲ್ಲಿ ಯಾವುದು ಕಂಡರೂ ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಮನೆಯ ಮದ್ದು, ಗುಳಿಗೆಗಳನ್ನು ನಂಬಿ ಹೊತ್ತುಗಳೆಯಬಾರದು.

ನಿಮ್ಮ ಸಹಪಾಠಿಗಳಲ್ಲಿಯೂ ಶೇಂಗಾ ಒಗ್ಗದವರು ಇರಬಹುದು. ಅವರಿಗೆ “ಸ್ವಲ್ಪ ತಿಂದರೆ ಏನಾಗುತ್ತದೆ?” ಎಂದು ಒತ್ತಾಯಿಸುವುದು ಅಪಾಯಕರ. ಅಲರ್ಜಿ ತರುವ ಮುಖ್ಯ ಆಹಾರಗಳ ಹೆಸರನ್ನು ತಿಂಡಿಯ ಪೊಟ್ಟಣಗಳ ಮೇಲೆ ಮುದ್ರಿಸಬೇಕೆಂದು ನಮ್ಮ ದೇಶದ 2020ರ ನಿಯಮಗಳು ವಿಧಿಸುತ್ತವೆ. ಹಂಚಿಕೊಳ್ಳುವ ಮುನ್ನ ಅದನ್ನು ಓದುವ ಅಭ್ಯಾಸ ಒಳ್ಳೆಯದು.

ಇನ್ನು ವಾಡಿಯ ಮನೆಗೆ ಮರಳೋಣ. ನಮ್ಮ ಕೂಸಿನ ಕೆನ್ನೆಯ ಮೇಲೆ ಒಂದೆರಡು ಒರಟು ಕಲೆಗಳಿದ್ದುವು. ವೈದ್ಯರು ಅವನ್ನು ನೋಡಿ, ಇದು ಉಗ್ರವಾದುದಲ್ಲ, ಮನೆಯಲ್ಲಿಯೇ ಕೊಡಬಹುದೆಂದಿದ್ದರು. ಮರುದಿನ ಬೆಳಿಗ್ಗೆ ಅತ್ತೆ ಶೇಂಗಾ ಅರೆದರು. ಅಕ್ಕ ಅದನ್ನು ನೀರಲ್ಲಿ ಕದಡಿದಳು. ಗಡಿಯಾರ ನೋಡಿ ಹತ್ತು ನಿಮಿಷ ಎಣಿಸುವ ಕೆಲಸವನ್ನು ಹುಡುಗನಿಗೆ ಒಪ್ಪಿಸಲಾಯಿತು. ಅವನು ಎವೆಯಿಕ್ಕದೆ ತಂಗಿಯ ಮುಖವನ್ನೇ ನೋಡುತ್ತ ಕುಳಿತನು. ಕೂಸು ತುಟಿ ಸವರಿಕೊಂಡು, ಇನ್ನೂ ಬೇಕೆಂಬಂತೆ ಬಾಯಿ ತೆರೆಯಿತು. ಎರಡು ಗಂಟೆಗಳು ಸುಖವಾಗಿ ಕಳೆದುವು.

ಅಜ್ಜಿಯ ಅನುಭವದಲ್ಲಿ ಸತ್ಯವಿತ್ತು. ತಾಯಿಯ ಎಚ್ಚರದಲ್ಲಿಯೂ ಸತ್ಯವಿತ್ತು. ತಾನು ಹಿಂದೆ ಹೇಳಿದ ಮಾತು ತಪ್ಪೆಂದು ತಿಳಿದಾಗ ಅದನ್ನು ಒಪ್ಪಿ ತಿದ್ದಿಕೊಳ್ಳಲು ವೈದ್ಯಶಾಸ್ತ್ರವೂ ನಾಚಲಿಲ್ಲ. ಅವರೆಲ್ಲರ ಅರಿವು ಕೂಡಿದಾಗ ಒಂದು ಕೂಸಿಗೆ ಹಿತವಾಯಿತು. ನಮ್ಮ ಮನೆಗಳಲ್ಲಿಯೂ ತೊಟ್ಟಿಲ ಕೂಸುಗಳುಂಟು. ಅವುಗಳಿಗೆ ಶೇಂಗಾ ಕೊಡಬಹುದು, ಬೇಗನೆಯೇ ಕೊಡಬೇಕು. ಆದರೆ ಅರೆದು, ಕದಡಿ, ಹಿರಿಯರ ಕೈಯಿಂದಲೇ ಕೊಡಿಸಬೇಕು. ಇಷ್ಟನ್ನು ಇಂದೇ ಮನೆಗೆ ಹೋಗಿ ನಿಮ್ಮ ತಾಯಿತಂದೆಯರಿಗೆ ತಿಳಿಸಿರಿ.